ಕನ್ನಡಿ ಮುಂದಿನ ಮಂತ್ರ ಫಲಿಸುತ್ತದೆಯೇ?

ಪ್ರಶ್ನೆ: ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನನ್ನಿಂದ ಎಲ್ಲವೂ ಸಾಧ್ಯ’ ಎಂದುಕೊಂಡರೆ ಆತ್ಮವಿಶ್ವಾಸ ಹೆಚ್ಚುತ್ತದೆಯೇ?

ಉತ್ತರ: ಅಷ್ಟರಿಂದಲೇ ಹೆಚ್ಚುವುದು ಅನುಮಾನ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು ಇಂಥ ಮಾತು ಜಪಿಸಿದ ಮೇಲೆ ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಬಾಯಿ ಹೇಳಿದ್ದನ್ನು ಮನಸ್ಸು ಒಪ್ಪಬೇಕಲ್ಲ!

ಮನಸ್ಸು ಕೇಳುವುದು ಪುರಾವೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆಗೆ ಅತಿ ದೊಡ್ಡ ಆಧಾರ ಸ್ವತಃ ಮಾಡಿ ಗೆದ್ದ ಅನುಭವ. ನಮ್ಮಂಥವರೇ ಮಾಡಿದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹ ಆಮೇಲಿನ ಮಾತು. ಹಾವೆಂದರೆ ನಡುಗುತ್ತಿದ್ದವರನ್ನು ಬಂಡೂರಾ ಹಂತಹಂತವಾಗಿ ಹತ್ತಿರ ಕರೆದೊಯ್ದು, ಕೊನೆಗೆ ಹಾವನ್ನು ಕೈಯಲ್ಲೇ ಹಿಡಿಯುವಂತೆ ಮಾಡಿದ್ದರು.

ನಿಮಗೆ ಹಾವು ಬೇಡ. ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆ ಕೇಳಲು ಸಂಕೋಚವೇ? ಅಲ್ಲಿಂದಲೇ ಶುರು ಮಾಡಿ. ಮುಂದೆ ಬ್ಯಾಂಕಿನ ಕೌಂಟರ್‌ನಲ್ಲಿ ಒಂದು ಪ್ರಶ್ನೆ, ಆಮೇಲೆ ಕಚೇರಿಯ ಸಭೆಯಲ್ಲಿ ಒಂದೇ ಒಂದು ವಾಕ್ಯ. ಮಾಡಿದ್ದನ್ನು ಡೈರಿಯಲ್ಲಿ ಗುರುತಿಸಿಕೊಂಡರೆ ಒಳ್ಳೆಯದು. ಸೋಲು ನೆನಪಿರುವಷ್ಟು ಗೆಲುವು ನಮಗೆ ನೆನಪಿರುವುದಿಲ್ಲ.

ಇಂಥ ಹೆಜ್ಜೆಗಳು ರೂಢಿಯಾಗಲು ಸಮಯ ಬೇಕು. 21 ದಿನದಲ್ಲಿ ಅಭ್ಯಾಸ ಕೂರುತ್ತದೆಂಬ ಮಾತನ್ನು ನಂಬಬೇಡಿ. ಲಂಡನ್ನಿನ ಅಧ್ಯಯನವೊಂದರಲ್ಲಿ ಅದಕ್ಕೆ ಸರಾಸರಿ 66 ದಿನ ಹಿಡಿದಿತ್ತು. ನಡುವೆ ಒಂದು ದಿನ ತಪ್ಪಿದರೂ ಅಂಥ ನಷ್ಟವಾಗಲಿಲ್ಲ. ಹಾಗಾಗಿ ಒಂದು ದಿನ ತಪ್ಪಿಸಿಕೊಂಡಿರೆಂದು ಕೈಬಿಡಬೇಡಿ.