ಬಾಗಿಲಲ್ಲೇ ಕಾದು ನಿಂತ ದೇಶಗಳು: ಐರೋಪ್ಯ ಒಕ್ಕೂಟದ ವಿಸ್ತರಣೆಯ ಹಾದಿ

ಇಂದಿನ ಐರೋಪ್ಯ ಒಕ್ಕೂಟದ ಬೇರು ಇರುವುದು 1951ರಲ್ಲಿ ಆರು ದೇಶಗಳು ಮಾಡಿಕೊಂಡ ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದದಲ್ಲಿ. ಬ್ರಿಟನ್ ಸೇರಲು ಮುಂದಾದಾಗ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ 1963 ಮತ್ತು 1967ರಲ್ಲಿ ಎರಡು ಸಲ ಅಡ್ಡಗಾಲು ಹಾಕಿದರು. ಕೊನೆಗೆ 1973ರಲ್ಲಿ ಐರ್ಲೆಂಡ್, ಡೆನ್ಮಾರ್ಕ್‌ಗಳ ಜೊತೆ ಅದೂ ಒಳಗೆ ಬಂತು. ಗ್ರೀಸ್ 1981ರಲ್ಲಿ, ಸ್ಪೇನ್ ಮತ್ತು ಪೋರ್ಚುಗಲ್ 1986ರಲ್ಲಿ ಸೇರಿದವು. ಮೂರೂ ಸರ್ವಾಧಿಕಾರದಿಂದ ಬಿಡಿಸಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. 2004ರ ಮೇ 1ರಂದು ಒಂದೇ ದಿನ ಹತ್ತು ದೇಶಗಳು ಸೇರಿದವು; ಅವುಗಳಲ್ಲಿ ಎಂಟು ಕಮ್ಯುನಿಸ್ಟ್ ಆಡಳಿತ ಕಂಡವು. 2013ರಲ್ಲಿ ಸೇರಿದ ಕ್ರೊಯೇಷಿಯಾದ ನಂತರ ಯಾವ ಹೊಸ ದೇಶವೂ ಬಂದಿಲ್ಲ. 2020ರಲ್ಲಿ ಬ್ರಿಟನ್ ಹೊರನಡೆದು ಸದಸ್ಯರ ಸಂಖ್ಯೆ 27ಕ್ಕೆ ಇಳಿಯಿತು. ಉಕ್ರೇನ್, ಮೊಲ್ಡೊವಾ, ಜಾರ್ಜಿಯಾ, ಟರ್ಕಿ, ಸರ್ಬಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ ಮತ್ತು ಬೋಸ್ನಿಯಾಗಳಿಗೆ ಅಭ್ಯರ್ಥಿ ಸ್ಥಾನವೇನೋ ಸಿಕ್ಕಿದೆ. ಕೊಸೊವೊ ಅರ್ಜಿ ಹಾಕಿದೆ. ಆದರೆ ಒಕ್ಕೂಟದ ಐದು ಸದಸ್ಯರು ಅದನ್ನು ದೇಶವೆಂದೇ ಒಪ್ಪಿಲ್ಲ.

ಸೇರುವ ಷರತ್ತುಗಳು 1993ರ ಕೋಪನ್‌ಹೇಗನ್ ಶೃಂಗಸಭೆಯಲ್ಲಿ ನಿಗದಿಯಾದವು. ಗಟ್ಟಿಯಾದ ಪ್ರಜಾಪ್ರಭುತ್ವ ಮತ್ತು ಕಾನೂನಿನ ಆಳ್ವಿಕೆ, ಪೈಪೋಟಿಯನ್ನು ತಾಳಬಲ್ಲ ಮಾರುಕಟ್ಟೆ, ಒಕ್ಕೂಟದ ಕಾನೂನುಗಳನ್ನೆಲ್ಲ ಜಾರಿಗೆ ತರುವ ಶಕ್ತಿ, ಈ ಮೂರೂ ಇರಬೇಕು. ಆ ಕಾನೂನುಗಳನ್ನು 35 ಅಧ್ಯಾಯಗಳಾಗಿ ವಿಂಗಡಿಸಿದ್ದಾರೆ. ಮೀನುಗಾರಿಕೆ, ಆಹಾರ ಸುರಕ್ಷತೆ, ನ್ಯಾಯಾಂಗ, ಸರ್ಕಾರಿ ಖರೀದಿಯ ನಿಯಮ ಎಲ್ಲವೂ ಅದರಲ್ಲಿ ಬರುತ್ತವೆ. ಪ್ರತಿ ಅಧ್ಯಾಯವನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಸದಸ್ಯರೆಲ್ಲರ ಒಪ್ಪಿಗೆ ಬೇಕು. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ನಿಯಮದಿಂದ.

ವಿಸ್ತರಣೆಯ ಲಾಭಕ್ಕೆ ಪೋಲೆಂಡ್‌ಗಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. 2004ರಲ್ಲಿ ಅಲ್ಲಿನ ತಲಾ ಉತ್ಪನ್ನ, ಬೆಲೆಮಟ್ಟದ ವ್ಯತ್ಯಾಸ ಸರಿಹೊಂದಿಸಿ ನೋಡಿದರೆ, ಒಕ್ಕೂಟದ ಸರಾಸರಿಯ ಸುಮಾರು ಅರ್ಧದಷ್ಟಿತ್ತು. ಎರಡು ದಶಕಗಳಲ್ಲಿ ಅದು ಮುಕ್ಕಾಲು ಪಾಲನ್ನೂ ದಾಟಿತು. ರಸ್ತೆ, ರೈಲು, ಒಳಚರಂಡಿಗೆ ಒಕ್ಕೂಟದ ನಿಧಿಯಿಂದ ಹಣ ಹರಿದುಬಂತು. ಜರ್ಮನಿಯ ಕಾರ್ಖಾನೆಗಳು ಬಿಡಿಭಾಗಗಳಿಗೆ ಪೂರ್ವದ ಕಡೆ ಮುಖ ಮಾಡಿದವು. ಹೀಗಾಗಿ ಹಳೆಯ ಸದಸ್ಯರಿಗೂ ಹೊಸ ಮಾರುಕಟ್ಟೆ ಸಿಕ್ಕಿತು.

ಇದೇ ಪ್ರಕ್ರಿಯೆಗೆ ನೋವಿನ ಮುಖವೂ ಇದೆ. ಗಡಿ ತೆರೆದಾಗ ಮೊದಲು ಹೊರಟವರು ಯುವಕರು, ವೈದ್ಯರು, ನರ್ಸ್‌ಗಳು. 1980ರ ದಶಕದ ಕೊನೆಯಲ್ಲಿ 90 ಲಕ್ಷದ ಆಸುಪಾಸಿನಲ್ಲಿದ್ದ ಬಲ್ಗೇರಿಯಾದ ಜನಸಂಖ್ಯೆ 2021ರ ಗಣತಿಯ ವೇಳೆಗೆ ಸುಮಾರು 65 ಲಕ್ಷಕ್ಕೆ ಕುಸಿಯಿತು. ಜನನ ಪ್ರಮಾಣ ಇಳಿದದ್ದೂ ಇದಕ್ಕೆ ಕಾರಣ. ಆದರೆ ವಲಸೆಯ ಪಾಲು ಸಣ್ಣದಲ್ಲ. ಅತ್ತ ಬ್ರಿಟನ್ 2004ರಲ್ಲೇ ಹೊಸ ಸದಸ್ಯರ ಕಾರ್ಮಿಕರಿಗೆ ಬಾಗಿಲು ತೆರೆದರೆ, ಜರ್ಮನಿ ಮತ್ತು ಆಸ್ಟ್ರಿಯಾ 2011ರವರೆಗೆ ತಡೆಹಿಡಿದವು. ಬ್ರಿಟನ್ನಿನಲ್ಲಿ ಆ ವಲಸೆಯ ಬಗ್ಗೆ ಬೆಳೆದ ಅಸಮಾಧಾನ, ಒಕ್ಕೂಟದಿಂದ ಹೊರಬರಬೇಕೇ ಎಂಬ 2016ರ ಜನಮತಗಣನೆಯವರೆಗೂ ಹರಿದುಬಂತು.

ಉಕ್ರೇನ್‌ನ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಆ ದೇಶದ ಕೃಷಿಭೂಮಿ 4 ಕೋಟಿ ಹೆಕ್ಟೇರಿಗೂ ಹೆಚ್ಚು. ಯಾವ ಸದಸ್ಯ ದೇಶಕ್ಕೂ ಅಷ್ಟು ಭೂಮಿಯಿಲ್ಲ. ಒಕ್ಕೂಟದ ಬಜೆಟ್ಟಿನ ಮೂರನೇ ಒಂದರಷ್ಟು ಹಣ ಹೋಗುವುದು ಕೃಷಿಗೆ. ರೈತರಿಗೆ ಸಿಗುವ ನೇರ ನೆರವು ಬಹುಮಟ್ಟಿಗೆ ಹೆಕ್ಟೇರಿನ ಲೆಕ್ಕದಲ್ಲಿದೆ. ಈ ನಿಯಮ ಬದಲಾಗದೆ ಉಕ್ರೇನ್ ಸೇರಿದರೆ, ಇಂದು ಹಣ ಪಡೆಯುವ ಹಲವು ದೇಶಗಳು ಕೊಡುವವರ ಸಾಲಿಗೆ ಬರಬೇಕಾದೀತು. ಅದರ ಸುಳಿವು ಆಗಲೇ ಸಿಕ್ಕಿದೆ. 2023ರಲ್ಲಿ ಅಗ್ಗದ ಉಕ್ರೇನ್ ಧಾನ್ಯದಿಂದ ಬೆಲೆ ಬಿದ್ದಿತೆಂದು ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ ಆಮದನ್ನು ನಿಲ್ಲಿಸಿದವು. ಅದೇ ವರ್ಷದ ನವೆಂಬರಿನಲ್ಲಿ ಪೋಲೆಂಡಿನ ಲಾರಿ ಸಾಗಣೆದಾರರು ಗಡಿದಾರಿಗೆ ಅಡ್ಡ ನಿಂತರು. ರಷ್ಯಾದ ವಿರುದ್ಧದ ಯುದ್ಧದಲ್ಲಿ ಉಕ್ರೇನ್‌ಗೆ ಹೆಗಲು ಕೊಟ್ಟ ದೇಶದಲ್ಲೇ ಇದು ನಡೆಯಿತು. ಆ ರೈತರ, ಲಾರಿಯವರ ಭಯ ಸುಳ್ಳಲ್ಲ. ಅದಕ್ಕೆ ಉತ್ತರ ಕೊಡದೆ ವಿಸ್ತರಣೆ ಮುಂದೆ ಸಾಗುವುದಿಲ್ಲ.

ಆದರೂ ಅತಿ ದೊಡ್ಡ ಅಡ್ಡಿ ಹಣದ್ದಲ್ಲ, ತೀರ್ಮಾನ ಮಾಡುವ ವಿಧಾನದ್ದು. 2023ರ ಡಿಸೆಂಬರ್ 14ರಂದು ಬ್ರಸೆಲ್ಸ್‌ನಲ್ಲಿ ಉಕ್ರೇನ್ ಜೊತೆ ಮಾತುಕತೆ ಆರಂಭಿಸುವ ಪ್ರಶ್ನೆ ಬಂದಾಗ ಹಂಗೇರಿಯ ಪ್ರಧಾನಿ ವಿಕ್ಟರ್ ಒರ್ಬಾನ್ ಒಪ್ಪಲಿಲ್ಲ. ಜರ್ಮನಿಯ ಚಾನ್ಸೆಲರ್ ಒಲಾಫ್ ಶೋಲ್ಜ್ ಸೂಚಿಸಿದಂತೆ ಅವರು ಸಭೆಯಿಂದ ಎದ್ದು ಹೊರಗೆ ಹೋದರು. ಉಳಿದ 26 ಮಂದಿ ನಿರ್ಧಾರ ಕೈಗೊಂಡರು. ಆದರೆ ಅದೇ ರಾತ್ರಿ ಉಕ್ರೇನ್‌ಗೆ ಕೊಡಬೇಕಿದ್ದ 5,000 ಕೋಟಿ ಯೂರೊ ನೆರವಿಗೆ ಒರ್ಬಾನ್ ವೀಟೊ ಹಾಕಿದರು. ಅದು ಒಪ್ಪಿಗೆಯಾಗಲು ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಸರ್ವಾನುಮತದ ಬೆಲೆಯನ್ನು ಅತಿ ಹೆಚ್ಚು ತೆತ್ತದ್ದು ಸುಮಾರು 18 ಲಕ್ಷ ಜನರ ಪುಟ್ಟ ಮ್ಯಾಸಿಡೋನಿಯಾ. 2005ರಲ್ಲೇ ಅದು ಅಭ್ಯರ್ಥಿಯಾಯಿತು. ತನ್ನ ಉತ್ತರದ ಪ್ರಾಂತ್ಯದ ಹೆಸರೂ ಮ್ಯಾಸಿಡೋನಿಯಾ ಎಂಬ ಕಾರಣಕ್ಕೆ ಗ್ರೀಸ್ ವರ್ಷಗಟ್ಟಲೆ ತಡೆಯಿತು. 2018ರ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಡದ ಹಳ್ಳಿಯೊಂದರಲ್ಲಿ ಒಪ್ಪಂದಕ್ಕೆ ಸಹಿಯಾಗಿ, ಮರುವರ್ಷ ದೇಶ ತನ್ನ ಹೆಸರನ್ನು ‘ಉತ್ತರ ಮ್ಯಾಸಿಡೋನಿಯಾ’ ಎಂದು ಬದಲಿಸಿಕೊಂಡಿತು. ರಾಜಧಾನಿ ಸ್ಕೋಪ್ಯೆಯ ವಿಮಾನ ನಿಲ್ದಾಣಕ್ಕೆ ಇದ್ದ, ಪ್ರಾಚೀನ ಮ್ಯಾಸಿಡೋನಿಯಾದ ದೊರೆ ಅಲೆಕ್ಸಾಂಡರನ ಹೆಸರನ್ನೂ ತೆಗೆದರು. ಇಷ್ಟಾದ ಮೇಲೆ 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಬೇಡವೆಂದಿತು. 2020ರಲ್ಲಿ ಬಲ್ಗೇರಿಯಾ ಭಾಷೆ ಮತ್ತು ಇತಿಹಾಸದ ತಕರಾರು ತೆಗೆದು ತಡೆಯಿತು. ಸಂವಿಧಾನದಲ್ಲಿ ಬಲ್ಗೇರಿಯನ್ ಸಮುದಾಯವನ್ನು ಹೆಸರಿಸಬೇಕೆಂಬ ಷರತ್ತು 2022ರಲ್ಲಿ ಸೇರಿತು. ಅದಕ್ಕೆ ಬೇಕಾದ ಮೂರನೇ ಎರಡು ಬಹುಮತ ಸ್ಕೋಪ್ಯೆಯ ಸಂಸತ್ತಿನಲ್ಲಿ ಒದಗಲಿಲ್ಲ. ಜೋಡಿಯಾಗಿ ಸಾಗುತ್ತಿದ್ದ ಅಲ್ಬೇನಿಯಾ 2024ರಲ್ಲಿ ಬೇರೆಯಾಗಿ ಮುಂದೆ ಹೋಯಿತು. ಕೇಳಿದ್ದನ್ನು ಮಾಡಿದ ನಾಯಕರು ಮನೆಯಲ್ಲೇ ಮುಖಭಂಗ ಅನುಭವಿಸಿದರು. ಒಕ್ಕೂಟ ತನ್ನ ಮಾತಿಗೆ ಮಾಡಿಕೊಂಡ ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ. ಸುಧಾರಣೆಯ ಕಹಿಯನ್ನು ಜನ ನುಂಗುವುದು ಸದಸ್ಯತ್ವ ಸಿಗುತ್ತದೆಂಬ ನಂಬಿಕೆಯಿಂದ. ಆ ನಂಬಿಕೆ ಹೋದರೆ ಷರತ್ತಿಗೆ ಬಲವಿಲ್ಲ.

ಇನ್ನೊಂದು ಕಳವಳವೂ ನ್ಯಾಯವಾದದ್ದೇ. ಒಳಗೆ ಬಂದ ಮೇಲೆ ದೇಶವೊಂದು ದಾರಿ ತಪ್ಪಿದರೆ ಅದನ್ನು ಹೊರಹಾಕುವ ವಿಧಿಯಿಲ್ಲ. ಒಕ್ಕೂಟದ ಮೂಲ ಒಪ್ಪಂದದ ಏಳನೇ ವಿಧಿಯಂತೆ ಮತಾಧಿಕಾರ ಅಮಾನತು ಮಾಡಲು ಉಳಿದವರೆಲ್ಲ ಒಂದಾಗಬೇಕು. ಹಂಗೇರಿ ಮತ್ತು ಪೋಲೆಂಡ್ ಒಂದಕ್ಕೊಂದು ಗುರಾಣಿಯಾದದ್ದರಿಂದ ಅದು ವರ್ಷಗಳ ಕಾಲ ಕಾಗದದಲ್ಲೇ ಉಳಿಯಿತು. 2022ರಲ್ಲಿ ಹಂಗೇರಿಯ ನಿಧಿ ತಡೆಹಿಡಿದದ್ದು ಬೇರೆ ನಿಯಮದ ಬಲದಿಂದ. ವಿದೇಶಾಂಗ ನೀತಿ ಮತ್ತು ಅಧ್ಯಾಯಗಳ ಮಧ್ಯದ ಹಂತಗಳಲ್ಲಾದರೂ ಬಹುಮತ ಸಾಕೆಂಬ ಸಲಹೆ ಇದೆ. ಅದನ್ನು ಜಾರಿಗೆ ತರುವುದಕ್ಕೂ ಎಲ್ಲರ ಒಪ್ಪಿಗೆಯೇ ಬೇಕು.

ಪೂರ್ಣ ಸದಸ್ಯತ್ವಕ್ಕೆ ಮುನ್ನ ತುಸು ತುಸುವಾಗಿ ಒಳಗೊಳ್ಳುವ ದಾರಿ ಈಗ ತೆರೆದಿದೆ. ಪಶ್ಚಿಮ ಬಾಲ್ಕನ್ ದೇಶಗಳಿಗೆ 2024ರಿಂದ 2027ರವರೆಗೆ 600 ಕೋಟಿ ಯೂರೊಗಳ ಯೋಜನೆಯಿದ್ದು, ಸುಧಾರಣೆ ನಡೆದಂತೆ ಹಣ ಬಿಡುಗಡೆಯಾಗುತ್ತದೆ. ಅಲ್ಬೇನಿಯಾ ಮತ್ತು ಮಾಂಟೆನೆಗ್ರೊಗಳನ್ನು ಯೂರೊ ಹಣಪಾವತಿ ಜಾಲಕ್ಕೆ ಸೇರಿಸಿಕೊಳ್ಳಲಾಗಿದೆ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದ ಮೇಲಿನ ಶುಲ್ಕ ಇದರಿಂದ ತಗ್ಗುತ್ತದೆ. ಆದರೆ ಅಂತಿಮ ಸೇರ್ಪಡೆಗೆ ಪ್ರತಿ ಸದಸ್ಯ ದೇಶವೂ ಒಪ್ಪಂದವನ್ನು ಅನುಮೋದಿಸಬೇಕು. ಫ್ರಾನ್ಸಿನ ಸಂವಿಧಾನದಂತೆ, ಸಂಸತ್ತಿನ ಐದನೇ ಮೂರು ಪಾಲು ಬೆಂಬಲ ದೊರೆತು ಬೇರೆ ದಾರಿ ಹಿಡಿಯದಿದ್ದರೆ, ಹೊಸ ಸದಸ್ಯರ ಸೇರ್ಪಡೆಯನ್ನು ಜನಮತಕ್ಕೇ ಹಾಕಬೇಕಾಗುತ್ತದೆ.