ರಿಡಿಮ್ ಮತ್ತು ಕರ್ತೃತ್ವ: ಜಮೈಕಾದ ಡಾನ್ಸ್‌ಹಾಲ್ ಹಾಡಿಕೆಯ ಒಂದು ವಿವೇಚನೆ

ಮೌಖಿಕ ಪರಂಪರೆಗಳ ಅಧ್ಯಯನದಲ್ಲಿ ‘ಕೃತಿ ಯಾರದು?’ ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಜಮೈಕಾದ ಡಾನ್ಸ್‌ಹಾಲ್ ಸಂಗೀತದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಆ ಹಾಡಿಕೆಯ ಕ್ರಮವನ್ನು ಅರಿಯದೆ ವ್ಯಾಜ್ಯದ ಸ್ವರೂಪವನ್ನು ಗ್ರಹಿಸಲಾಗದು.

ಇಂಗ್ಲಿಷಿನ ‘ರಿದಮ್’ ಪದದ ಜಮೈಕಾ ಆಡುರೂಪವೇ ‘ರಿಡಿಮ್’. ಡ್ರಮ್ಮಿನ ಬಡಿತ ಹಾಗೂ ಬೇಸ್‌ನ ತಗ್ಗುಸ್ವರದ ನಡೆ ಕೂಡಿ ರೂಪುಗೊಳ್ಳುವ ವಾದ್ಯಪಾತಳಿಗೆ ಈ ಹೆಸರು. ಅದರ ಮೇಲೆ ಪದ ಕಟ್ಟಿ ಲಯಬದ್ಧವಾಗಿ ನುಡಿಯುವವರು ಡೀಜೆಗಳು. ಬೇರೆಡೆ ಧ್ವನಿಮುದ್ರಿಕೆಗಳನ್ನು ಆಯ್ದು ನುಡಿಸುವವರಿಗೆ ಡೀಜೆ ಎನ್ನುವರು. ಜಮೈಕಾದಲ್ಲಿ ಅವರು ‘ಸೆಲೆಕ್ಟರ್’. ರಿಡಿಮ್ ಎಂದರೆ ಕನ್ನಡದ ‘ಮಟ್ಟು’ ಎಂದು ಭಾವಿಸುವುದೂ ಸರಿಯಲ್ಲ. ಮಟ್ಟಿನಲ್ಲಿ ಧಾಟಿ ಮೊದಲೇ ಸಿದ್ಧವಿದ್ದು ಸಾಹಿತ್ಯವಷ್ಟೇ ಹೊಸತಾಗಿರುತ್ತದೆ. ರಿಡಿಮ್‌ನಲ್ಲಾದರೋ ಪಾತಳಿಯಷ್ಟೇ ಸಿದ್ಧ. ಪದವನ್ನೂ ಧಾಟಿಯನ್ನೂ ಡೀಜೆಯೇ ಕಟ್ಟಬೇಕು.

ಈ ಪದ್ಧತಿಯ ಮೂಲ 1960ರ ದಶಕದ ಕೊನೆಯಲ್ಲಿದೆ. ಹಾಡುಗಾರರ ಧ್ವನಿಯನ್ನು ತೆಗೆದು ವಾದ್ಯಭಾಗವನ್ನಷ್ಟೇ ಉಳಿಸಿದ ‘ವರ್ಷನ್’ಗಳು ಕಿಂಗ್‌ಸ್ಟನ್ನಿನ ಬೀದಿ ಕುಣಿತಗಳಲ್ಲಿ ಜನಪ್ರಿಯವಾದವು. 1970ರಲ್ಲಿ ಯು-ರಾಯ್ ಅಂತಹ ವರ್ಷನ್‌ಗಳ ಮೇಲೆ ತಮ್ಮ ನುಡಿಗಾರಿಕೆಯನ್ನು ಮುದ್ರಿಸಿ ಡೀಜೆಗೆ ಕಲಾವಿದನ ಸ್ಥಾನ ದೊರಕಿಸಿದರು. 1985ರಲ್ಲಿ ಕಿಂಗ್ ಜಾಮಿ ನಿರ್ಮಿಸಿ ವೇಯ್ನ್ ಸ್ಮಿತ್ ಹಾಡಿದ ‘ಸ್ಲೆಂಗ್ ಟೆಂಗ್’ ಇನ್ನೊಂದು ತಿರುವು. ಕ್ಯಾಸಿಯೊ ಎಂಟಿ-40 ಕೀಲಿಮಣೆಯಲ್ಲಿ ಮೊದಲೇ ಅಳವಡಿಸಿದ್ದ ಒಂದು ಲಯವೇ ಅದರ ಆಧಾರ. ಆ ಲಯವನ್ನು ರಚಿಸಿದವರು ಜಪಾನಿನ ಒಕುಡಾ ಹಿರೊಕೊ. ಅಲ್ಲಿಂದ ಮುಂದೆ ವಾದ್ಯಗಾರರ ತಂಡವಿಲ್ಲದೆಯೂ ರಿಡಿಮ್ ಕಟ್ಟುವುದು ರೂಢಿಯಾಯಿತು.

ಒಂದೇ ರಿಡಿಮ್ ಮೇಲಿನ ಹಾಡುಗಳನ್ನು ಸೆಲೆಕ್ಟರ್ ಎಡೆಬಿಡದೆ ಜೋಡಿಸಿ ನುಡಿಸುವುದೇ ‘ರಿಡಿಮ್ ಮಿಕ್ಸ್’. ಬೇಸ್ ನಿಲ್ಲದೆ ಸಾಗುತ್ತಿರುವಂತೆ ಧ್ವನಿಗಳು ಒಂದರ ಹಿಂದೊಂದು ಬದಲಾಗುತ್ತವೆ. ಪಾತಳಿ ಸಮಾನವಾಗಿರುವುದರಿಂದಲೇ ಪ್ರತಿಯೊಬ್ಬರ ಉಸಿರಿನ ಹಿಡಿತ, ಪ್ರಾಸ, ಓಟಗಳ ಭೇದ ಕೇಳುಗರಿಗೆ ಸ್ಪಷ್ಟವಾಗುತ್ತದೆ. ಸ್ಟೀವನ್ ‘ಲೆಂಕಿ’ ಮಾರ್ಸ್ಡೆನ್ ರಚಿಸಿದ, ಭಾರತದ ಹಬ್ಬದ ಹೆಸರನ್ನೇ ಹೊತ್ತ ‘ದಿವಾಲಿ’ ರಿಡಿಮ್ ಇದಕ್ಕೆ ನಿದರ್ಶನ. ಅದರ ಚಪ್ಪಾಳೆಯ ಲಯದ ಮೇಲೆ ಶಾನ್ ಪಾಲ್ ಅವರ ಬಿರುಸಿನ ‘ಗೆಟ್ ಬಿಜಿ’, ವೇಯ್ನ್ ವಂಡರ್ ಅವರ ಮೆಲುದನಿಯ ‘ನೋ ಲೆಟಿಂಗ್ ಗೋ’ ಎರಡೂ ನಿಂತಿವೆ. ಮೊದಲನೆಯದು 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆಯಿತು.

ಪಾತಳಿ ದೇಶದಾಚೆಗೆ ಸಾಗಿದಾಗ ಸಮಸ್ಯೆ ತಲೆದೋರುತ್ತದೆ. ಸ್ಟೀಲಿ ಮತ್ತು ಕ್ಲೀವಿ ಜೋಡಿ 1989ರಲ್ಲಿ ರಚಿಸಿದ ‘ಫಿಶ್ ಮಾರ್ಕೆಟ್’ ರಿಡಿಮ್‌ನ ಬಡಿತವು ಶಬ್ಬಾ ರ‍್ಯಾಂಕ್ಸ್ ಅವರ ‘ಡೆಮ್ ಬೋ’ ಹಾಡಿನ ಮೂಲಕ ಸ್ಪ್ಯಾನಿಷ್ ಭಾಷೆಯ ರೆಗ್ಗೆಟಾನ್ ಸಂಗೀತಕ್ಕೆ ಬುನಾದಿಯಾಯಿತು. 2021ರಲ್ಲಿ ಕ್ಲೀವಿ ಮತ್ತು ದಿವಂಗತ ಸ್ಟೀಲಿಯವರ ವಾರಸುದಾರರು ಕ್ಯಾಲಿಫೋರ್ನಿಯಾದಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿದರು. ಬಡಿತದ ವಿನ್ಯಾಸವೊಂದು ಸಂಗೀತದ ಸಾಮಾನ್ಯ ಸಾಮಗ್ರಿಯೋ, ರಚನಕಾರನ ಸ್ವತ್ತೋ ಎಂಬುದು ಅಲ್ಲಿನ ವಿವಾದ.

ರಿಡಿಮ್ ಪರಂಪರೆಯಲ್ಲಿ ಮರುಬಳಕೆಯು ಕೃತಿಚೌರ್ಯವಲ್ಲ, ಸೃಷ್ಟಿಯ ಕ್ರಮವೇ ಅದು. ಆದರೆ ಅಲ್ಲಿ ಪ್ರತಿ ರಿಡಿಮ್‌ಗೂ ಹೆಸರುಂಟು. ಅದನ್ನು ಕಟ್ಟಿದವರು ಯಾರೆಂಬುದು ಬಲ್ಲ ಕೇಳುಗರಿಗೆ ತಿಳಿದಿರುತ್ತದೆ. ಹಂಚಿಕೊಂಡದ್ದು ಅನಾಮಧೇಯವೇ ಆಗಬೇಕಿಲ್ಲ. ಸಮುದಾಯದ ಆಸ್ತಿ ಎಂಬ ಒಂದೇ ಮಾತಿನಿಂದ ಮೌಖಿಕ ಕೃತಿಗಳ ಕರ್ತೃಗಳನ್ನು ಮರೆಯುವ ಅಧ್ಯಯನ ವಿಧಾನಕ್ಕೆ ಈ ಅಂಶ ಎಚ್ಚರಿಕೆಯಾಗಿದೆ.