ಬಳೆ ಮಂಟಪದ ಮುಂದೆ ಒಂದು ಫೋಟೊಶೂಟ್

ರಜೆಗೆ ಹೋದಲ್ಲಿ ಛಾಯಾಗ್ರಾಹಕರನ್ನು ಗೊತ್ತುಮಾಡಿಕೊಂಡು ಮನೆಮಂದಿಯ ಚಿತ್ರ ತೆಗೆಸುವುದು ಈಗ ರೂಢಿ. ಪ್ಯಾರಿಸ್, ರೋಮ್ ಎಂದು ಕನಸು ಕಾಣುವವರು ನಮ್ಮದೇ ನಾಡಿನ ಯಳಂದೂರಿನತ್ತ ನೋಡುವುದು ಕಡಿಮೆ. ನೋಡಬೇಕು.

ಇಲ್ಲಿನ ಗೌರೀಶ್ವರ ದೇವಾಲಯದ ಹೆಬ್ಬಾಗಿಲೇ ಬಳೆ ಮಂಟಪ. 17ನೇ ಶತಮಾನದಲ್ಲಿ ಹದಿನಾಡಿನ ಅರಸ ಮುದ್ದಭೂಪ ಕಟ್ಟಿಸಿದ್ದು. ಮೂಲೆಗಳಲ್ಲಿ ತೂಗುವ ಕಲ್ಲಿನ ಬಳೆಸರಪಳಿಯ ಪಕ್ಕದಲ್ಲಿ ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ನಿಂತರೆ ಬೇರೆ ಅಲಂಕಾರ ಏಕೆ? ಬೆಳಗಿನ ಓರೆ ಬಿಸಿಲಿನಲ್ಲಿ ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ, ನಡುಹಗಲು ಬೇಡ.

ಮಳೆಗಾಲದಲ್ಲಾದರೆ ಭರಚುಕ್ಕಿ ಜಲಪಾತ. ಹತ್ತಿರದಲ್ಲೇ 19ನೇ ಶತಮಾನದ ವೆಸ್ಲಿ ಸೇತುವೆ ಇದೆ, 2018ರ ಪ್ರವಾಹಕ್ಕೆ ಅದರ ಒಂದು ಭಾಗ ಕೊಚ್ಚಿಹೋಯಿತು. ಚಿತ್ರಕ್ಕಾಗಿ ಅದರ ಮೇಲೆ ಹತ್ತುವುದು ಹುಚ್ಚುತನ.

ಹನೂರು ಕಡೆಯ ಮಲೆಮಹದೇಶ್ವರ ಬೆಟ್ಟ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟ ಎರಡರ ಸುತ್ತಲೂ ಕಾಡು. ಬಿಳಿಗಿರಿರಂಗನಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಡ್ರೋನ್ ಹಾರಿಸುವ ಆಸೆ ಬಿಡಿ. ದೇವಸ್ಥಾನಗಳಲ್ಲಿ ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವ ಮೊದಲು ಅರ್ಚಕರನ್ನು ಕೇಳಿ.

ಛಾಯಾಗ್ರಾಹಕರಿಗೆ ಮುಂಗಡ ಕೊಡುವಾಗ ಮಾತು ಬರಹದಲ್ಲಿರಲಿ: ತಿದ್ದಿದ ಚಿತ್ರಗಳೆಷ್ಟು, ಪ್ರಯಾಣದ ಖರ್ಚು ಯಾರದು, ಮಳೆ ಬಂದರೆ ದಿನ ಬದಲಿಸುತ್ತಾರೆಯೇ, ಅನುಮತಿ ಯಾರು ತರುತ್ತಾರೆ. ಮಕ್ಕಳ ಚಿತ್ರಗಳನ್ನು ಜಾಹೀರಾತಿಗೆ ಬಳಸಬಾರದೆಂದೂ ಬರೆಸಿಕೊಳ್ಳಿ.